ಜ್ವರ ಬಿಟ್ಟ ದಿನ ಹುಷಾರಾಗಿರಿ

ಎಲ್ಲರಿಗೂ ನಮಸ್ಕಾರ. ಮಳೆ ಬಂದು ನಿಂತಿದೆ. ಬೆಂಗಳೂರಿನಲ್ಲಿ ಇದು ಜ್ವರದ ಕಾಲ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನಿಮಗೆ ನೆನಪಿರಬಹುದು.

ಜ್ವರ ಅಂತ ಆಸ್ಪತ್ರೆಗೆ ಬಂದವರನ್ನು ನಾವು ಮೊದಲು ಕೇಳುವುದು, ಯಾವತ್ತು ಶುರುವಾಯಿತು ಅಂತ. "ಮೊನ್ನೆಯೋ, ಆಚೆ ಮೊನ್ನೆಯೋ ಇರಬೇಕು" ಅನ್ನುತ್ತಾರೆ. ದಯವಿಟ್ಟು ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಡೆಂಗಿಯ ಎನ್‌ಎಸ್‌1 ಟೆಸ್ಟ್, ಅಂದರೆ ರಕ್ತದಲ್ಲಿ ವೈರಸ್ಸಿನ ಅಂಶ ಹುಡುಕುವ ಪರೀಕ್ಷೆ, ಮೊದಲ ಐದು ದಿನದೊಳಗೆ ಚೆನ್ನಾಗಿ ಸುಳಿವು ಕೊಡುತ್ತದೆ. ಆಮೇಲೆ ಐಜಿಎಂ, ಅಂದರೆ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ, ನೋಡಬೇಕು. ಟೈಫಾಯ್ಡ್ ಅನುಮಾನವಿದ್ದರೆ, ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಮಾಡಿಸುವುದು ಒಳ್ಳೆಯದು. ಟೈಫಾಯ್ಡಿಗೆ ಮಾಡಿಸುವ ಇನ್ನೊಂದು ರಕ್ತ ಪರೀಕ್ಷೆ ವಿಡಾಲ್; ಅದರ ಒಂದೇ ಒಂದು ರಿಪೋರ್ಟ್ ನಂಬಿ ಆಂಟಿಬಯಾಟಿಕ್ ಶುರು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಊರಿಗೆ ಹೋಗಿದ್ದಿರಾ ಅಂತಲೂ ಕೇಳುತ್ತೇವೆ. ಸುಮ್ನೆ ಮಾತಿಗೆ ಕೇಳುವುದಲ್ಲ. ಮಂಗಳೂರು ಕಡೆಯಿಂದ ಬಂದವರಾದರೆ ಮಲೇರಿಯಾ ನೆನಪಾಗುತ್ತದೆ. ಬೇಸಿಗೆಯಲ್ಲಿ ಶಿವಮೊಗ್ಗದ ಕಾಡಂಚಿನ ಊರಿಂದ ಬಂದವರಾದರೆ, ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ.

ಹಣೆ ಮುಟ್ಟಿ ನೋಡಿದರೆ ಸಾಲದು, ಥರ್ಮಾಮೀಟರ್ ಇಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ. ಕಂಕುಳಲ್ಲಿ ಸ್ವಲ್ಪ ಕಡಿಮೆ ತೋರಿಸುತ್ತದೆ. ಆದರೆ ಆಸ್ಪತ್ರೆಯಲ್ಲಿ ನರ್ಸ್ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ನಾಡಿ, ಬಿಪಿ, ಉಸಿರಾಟ ನೋಡುತ್ತಾರೆ. ಕೈಕಾಲು ತಣ್ಣಗಿದೆಯಾ, ಮಾತು ಸರಿಯಾಗಿದೆಯಾ ಗಮನಿಸುತ್ತಾರೆ. 103 ಇದ್ದರೂ ಆಡುವ ಮಗುವಿಗಿಂತ, 101ಕ್ಕೇ ಮಂಕಾಗಿ ಮಲಗಿದ ಮಗುವಿನ ಬಗ್ಗೆ ನಮಗೆ ಆತಂಕ ಜಾಸ್ತಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮಾತ್ರ ಮನೆಯಲ್ಲಿ ಕಾಯಲೇಬೇಡಿ.

ಔಷಧಿಗೆ ಬಂದರೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ತೂಕ ನೋಡಿ ಕೊಡಬೇಕು: ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆ ಬಿಟ್ಟು, ದಿನಕ್ಕೆ ನಾಲ್ಕು ಸಲ ಮೀರದಂತೆ. ಸಿರಪ್ ಬಾಟಲಿ ಓದಿಕೊಳ್ಳಿ. 5 ಎಂಎಲ್‌ನಲ್ಲಿ 120 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಅಕ್ಕನ ಮನೆಯ ಬಾಟಲಿಯ ಅಳತೆ ನಿಮ್ಮ ಬಾಟಲಿಗೆ ಹೊಂದದೇ ಇರಬಹುದು. ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಬ್ರೂಫೆನ್, ಆಸ್ಪಿರಿನ್, ಡೈಕ್ಲೋಫೆನಾಕ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಐಸ್ ನೀರಲ್ಲಿ ಒರೆಸಬೇಡಿ. ಮೈ ನಡುಗಿದರೆ ಒಳಗಿನ ಬಿಸಿ ಇನ್ನೂ ಏರುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದು. ಡೆಂಗಿಯಲ್ಲಿ ಅಪಾಯ ಬರುವುದು ಹೆಚ್ಚಾಗಿ ಜ್ವರ ಇಳಿಯುವಾಗ, ಮೂರರಿಂದ ಏಳನೆಯ ದಿನದ ನಡುವೆ. ಮನೆಯವರು ಉಸ್ಸಪ್ಪಾ ಅಂತ ಕೂರುವ ಹೊತ್ತು ಅದು. ಆಗಲೇ ರಕ್ತನಾಳಗಳಿಂದ ನೀರಿನಂಶ ಸೋರಿ ಬಿಪಿ ಕುಸಿಯಬಹುದು. ಎಲ್ಲರೂ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಎಷ್ಟು ಅಂತಲೇ ಕೇಳುತ್ತಾರೆ. ಅದೇ ರಿಪೋರ್ಟಿನಲ್ಲಿ ಪಿಸಿವಿ ಅಂತ ಇನ್ನೊಂದು ಸಾಲಿದೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ಅದು ಹೇಳುತ್ತದೆ. ಅದು ಏರುತ್ತಿದ್ದರೆ ರಕ್ತ ಗಟ್ಟಿಯಾಗುತ್ತಿದೆ ಅಂತ ಅರ್ಥ. ಸಲೈನ್ ಎಷ್ಟು ಕೊಡಬೇಕು ಅಂತ ನಾವು ಲೆಕ್ಕ ಹಾಕುವಾಗ ಅದನ್ನೂ, ನಾಡಿ, ಬಿಪಿ, ಮೂತ್ರವನ್ನೂ ನೋಡುತ್ತೇವೆ. ಸಲೈನ್ ಜಾಸ್ತಿಯಾದರೂ ಕಷ್ಟವೇ, ಶ್ವಾಸಕೋಶದ ಸುತ್ತ ನೀರು ತುಂಬುತ್ತದೆ.

ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು, ಚಡಪಡಿಕೆ, ಆರು ಗಂಟೆ ಕಳೆದರೂ ಮೂತ್ರ ಬಾರದಿರುವುದು: ಇವುಗಳಲ್ಲಿ ಒಂದು ಕಂಡರೂ, ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಹಳೆಯ ರಿಪೋರ್ಟುಗಳೂ, ಯಾವ ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ ಅಂತ ಬರೆದ ಚೀಟಿಯೂ ಜೊತೆಗಿರಲಿ.