ವಲ್ಕನ್ ರನ್‌ಟೈಮ್ ಲೈಬ್ರರೀಸ್: ನೀವು ಹಾಕದೇ ಬಂದಿದ್ದು ಹೇಗೆ?

[ಸ್ಕ್ರೀನ್‌ನಲ್ಲಿ: ವಿಂಡೋಸ್‌ನ ಆ್ಯಪ್ ಪಟ್ಟಿ]

ನಮಸ್ಕಾರ. ನಿಮ್ಮಲ್ಲಿ ತುಂಬಾ ಜನ ಕೇಳ್ತಿರೋ ಪ್ರಶ್ನೆ ಇದು. "ಲ್ಯಾಪ್‌ಟಾಪ್‌ನಲ್ಲಿ ವಲ್ಕನ್ ಅಂತ ಏನೋ ಇದೆ. ನಾನಂತೂ ಹಾಕಿಲ್ಲ. ವೈರಸ್ಸಾ?"

ಅಲ್ಲ. ವಲ್ಕನ್ ಅಂದರೆ ಗೇಮ್ ಮತ್ತು ಗ್ರಾಫಿಕ್ಸ್ ಚಿಪ್ ನಡುವಿನ ಕೊಂಡಿ. ಆ ಚಿಪ್ ನಡೆಸೋ ಸಾಫ್ಟ್‌ವೇರ್, ಅಂದರೆ ಗ್ರಾಫಿಕ್ಸ್ ಡ್ರೈವರ್ ಜೊತೆಗೇ ಅದು ಬಂದಿರುತ್ತದೆ. ಅನುಮಾನ ಬರೋದೂ ಸಹಜ. ಪಬ್ಲಿಷರ್ ಹೆಸರು ಲೂನಾರ್‌ಜಿ ಅಂತ ಇರುತ್ತದೆ, ಎಲ್ಲೂ ಕೇಳಿರಲ್ಲ. ವಲ್ಕನ್‌ಗೆ ಬೇಕಾದ ಟೂಲ್‌ಗಳನ್ನು ಮಾಡುವ ಅಮೆರಿಕದ ಕಂಪನಿ ಅದು. ಡ್ರೈವರ್ ಹಾಕುವಾಗಲೇ ಈ ಮಾತನ್ನು ಒಂದು ಸಾಲಿನಲ್ಲಿ ತೋರಿಸಬೇಕು. ಕಂಪ್ಯೂಟರ್ ನಮ್ಮದು, ಒಳಗೆ ಏನು ಬಂತು ಅಂತ ನಮಗೆ ಗೊತ್ತಾಗಬೇಕಲ್ವಾ?

ಬೇಸಿಕ್ಸ್ ಬೇಗ ಮುಗಿಸೋಣ. ಗೇಮ್ ಕೇಳಿದ್ದನ್ನು ಗ್ರಾಫಿಕ್ಸ್ ಚಿಪ್‌ಗೆ ಮುಟ್ಟಿಸೋಕೆ 1992ರಿಂದ ಓಪನ್‌ಜಿಎಲ್ ಇತ್ತು. ಆಮೇಲೆ ಚಿಪ್ ಕಂಪನಿ ಎಎಂಡಿ ಮಾಡಿದ್ದ ಮ್ಯಾಂಟಲ್ ಅನ್ನುವ ಇಂಥದ್ದೇ ಕೊಂಡಿಯ ಆಧಾರದ ಮೇಲೆ, ಕಂಪನಿಗಳ ಒಕ್ಕೂಟವಾದ ಕ್ರೋನೋಸ್ ಗ್ರೂಪ್ 2016ರ ಫೆಬ್ರವರಿಯಲ್ಲಿ ವಲ್ಕನ್ ತಂದಿತು. ಇದರಲ್ಲಿ ಪ್ರೊಸೆಸರ್‌ಗೆ ಹೊರೆ ಕಡಿಮೆ.

ನನಗೆ ತುಂಬಾ ಇಷ್ಟವಾಗಿದ್ದು ಮುಂದಿನ ಭಾಗ.

[ಸ್ಕ್ರೀನ್‌ನಲ್ಲಿ: ಸಿಸ್ಟಮ್32 ಫೋಲ್ಡರ್, ವಲ್ಕನ್-1 ಡಿಎಲ್‌ಎಲ್]

ಈ ಫೈಲ್ ನೋಡಿ. ಡಿಎಲ್‌ಎಲ್ ಅಂದರೆ ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳೋ ಕೋಡ್ ಇರುವ ಫೈಲ್. ಇದು ಒಂದು ಪಿಕ್ಸೆಲ್ ಕೂಡ ಬಿಡಿಸಲ್ಲ! ಇದರ ಹೆಸರು ಲೋಡರ್. ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರ್ ಇದೆಯಲ್ಲ, ಹಾಗೆ. ಅಲ್ಲಿ ಕೂತವರು ಬಸ್ ಓಡಿಸಲ್ಲ. ಯಾವ ಯಾವ ಬಸ್ ಇದೆ, ಎಲ್ಲಿ ನಿಂತಿದೆ ಅಂತ ಹೇಳ್ತಾರೆ. ಹತ್ತೋದು ನಿಮಗೆ ಬಿಟ್ಟಿದ್ದು. ಗೇಮ್ ಬಂದು ಕೇಳಿದಾಗ ಲೋಡರ್ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ಜಾಗದಲ್ಲಿ, ಹುಡುಕಿ, ಇರುವ ವಲ್ಕನ್ ಡ್ರೈವರ್‌ಗಳನ್ನೆಲ್ಲ ಪತ್ತೆ ಮಾಡುತ್ತದೆ.

[ಸ್ಕ್ರೀನ್‌ನಲ್ಲಿ: ಕಮಾಂಡ್ ಪ್ರಾಂಪ್ಟ್, ವಲ್ಕನ್‌ಇನ್ಫೋ ಕಮಾಂಡ್]

ನೀವೇ ನೋಡಬಹುದು. ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್. ಈ ಲ್ಯಾಪ್‌ಟಾಪ್‌ನಲ್ಲಿ ಜಿಪಿಯು ಸೊನ್ನೆ ಇಂಟೆಲ್, ಜಿಪಿಯು ಒಂದು ಎನ್‌ವಿಡಿಯಾ. ಬೇರೆ ಬೇರೆ ಕಂಪನಿಯ ಎರಡು ಚಿಪ್, ಎರಡು ಡ್ರೈವರ್. ಎರಡನ್ನೂ ಗೇಮ್ ಮುಂದೆ ಇಟ್ಟಿದ್ದು ಅದೇ ಪುಟ್ಟ ಫೈಲ್. ಎಷ್ಟು ಚೆನ್ನಾಗಿದೆ ಈ ಏರ್ಪಾಡು!

ಸಮಯ ಆಗ್ತಿದೆ, ಉಳಿದದ್ದು ಚುಟುಕಾಗಿ. ಕ್ರೋಮ್ ಫೋಲ್ಡರ್‌ನಲ್ಲೂ ಇದೇ ಹೆಸರಿನ ಫೈಲ್ ಕಂಡರೆ ಗಾಬರಿ ಬೇಡ, ಅದು ಕ್ರೋಮ್ ತನಗೋಸ್ಕರ ತಂದುಕೊಂಡಿದ್ದು. ಆಂಡ್ರಾಯ್ಡ್ ಕೂಡ 7ನೇ ಆವೃತ್ತಿಯಿಂದ ವಲ್ಕನ್ ಬೆಂಬಲಿಸುತ್ತದೆ. ಕಂಪ್ಯೂಟರ್‌ನಿಂದ ಇದನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ವಲ್ಕನ್ ಬೇಕೇಬೇಕು ಅನ್ನುವ ಗೇಮ್‌ಗಳು ಶುರುವಾಗಲ್ಲ. ಆಗಲೇ ತೆಗೆದುಬಿಟ್ಟಿದ್ದರೆ ಗ್ರಾಫಿಕ್ಸ್ ಡ್ರೈವರ್ ಅನ್ನು ಅದರ ಕಂಪನಿಯ ಸೈಟ್‌ನಿಂದಲೇ ಮತ್ತೆ ಹಾಕಿ, ಇದೂ ವಾಪಸ್ ಬರುತ್ತದೆ. ಬರೀ ಡಿಎಲ್‌ಎಲ್ ಕೊಡ್ತೀವಿ ಅನ್ನುವ ಸೈಟ್‌ಗಳ ಕಡೆ ಮಾತ್ರ ದಯವಿಟ್ಟು ಹೋಗಬೇಡಿ. ವೈರಸ್ ಬರೋದು ಅಂಥ ಕಡೆಯಿಂದ.