ಪಾಠ ನಿಲ್ಲಿಸದೆ ಹಳೇ ಕಾಲೇಜಿನ ತಾರಸಿ ರಿಪೇರಿ ಮಾಡೋದು ಹೇಗೆ?

[ದೃಶ್ಯ: ಸೆಂಟ್ರಲ್ ಕಾಲೇಜಿನ ಹೊರನೋಟ]

ಬೆಂಗಳೂರಿನ ಸೆಂಟ್ರಲ್ ಕಾಲೇಜು ಶುರುವಾಗಿದ್ದು 1858ರಲ್ಲಿ, ಹೈಸ್ಕೂಲಾಗಿ. ಆ ತಲೆಮಾರಿನ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಸಿಗೋದು ಸುಣ್ಣದ ಗಾರೆ, ತೇಗದ ತೊಲೆ, ಮದ್ರಾಸ್ ತಾರಸಿ, ಅಂದ್ರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಕಾಂಕ್ರೀಟು ಹಾಸಿದ ಚಾವಣಿ. ಅಂಥದ್ದನ್ನ ರಿಪೇರಿ ಮಾಡ್ಬೇಕು ಅಂದ ತಕ್ಷಣ ಬರೋ ಸಲಹೆ, "ಬೇಸಿಗೆ ರಜೆಯಲ್ಲಿ ಮುಗಿಸಿಬಿಡಿ."

ತಾರಸಿ ವಿಷಯದಲ್ಲಿ ಇದು ನಡೆಯಲ್ಲ. ಏಪ್ರಿಲ್, ಮೇ ಸಂಜೆಗಳಲ್ಲಿ ಇಲ್ಲಿ ಗುಡುಗು ಮಳೆ. ಬಿಚ್ಚಿದ ತಾರಸಿ ಮೇಲೆ ಅದು ಒಂದು ಸಲ ಸುರಿದರೂ ಹಸಿ ಗಾರೆ ಕೊಚ್ಚಿಹೋಗುತ್ತೆ. ಒಣ ತಿಂಗಳು ಜನವರಿಯಿಂದ ಮಾರ್ಚ್. ಆಗ ತರಗತಿಗಳು ತುಂಬಿರುತ್ತವೆ. ಹಾಗಾಗಿ ಒಂದು ಸಲಕ್ಕೆ ಒಂದೇ ಕೋಣೆ ಮೇಲಿನ ತಾರಸಿ ಬಿಚ್ಚಬೇಕು.

[ದೃಶ್ಯ: ತಾರಸಿಯ ಅಡ್ಡಸೀಳು ಚಿತ್ರ]

ತೊಲೆ ಮೇಲೆ ಜಂತಿ, ಅಂದ್ರೆ ಅಡ್ಡಕ್ಕಿಡೋ ಸಣ್ಣ ಮರಗಳು. ಅದರ ಮೇಲೆ ತೆಳು ಇಟ್ಟಿಗೆ, ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ. ಆಮೇಲೆ ಇಟ್ಟಿಗೆ ಜೆಲ್ಲಿ (ಇಟ್ಟಿಗೆ ಚೂರು), ಸುಣ್ಣ ಕಲಸಿದ ಕಾಂಕ್ರೀಟು 3ರಿಂದ 4 ಇಂಚು, ಕೊನೆಗೆ ಚಪ್ಪಟೆ ಬಿಲ್ಲೆ. 4 ಇಂಚಿನ ಕಾಂಕ್ರೀಟೇ ಚದರ ಮೀಟರಿಗೆ ಸುಮಾರು 180 ಕೆಜಿ. ಅಗೆದ ಕಸವನ್ನ ಪಕ್ಕದಲ್ಲೇ ಗುಡ್ಡೆ ಹಾಕಿದರೆ ಹಳೇ ತೊಲೆಗೆ ಭಾರ ದುಪ್ಪಟ್ಟು, ಅದೂ ಕೆಳಗೆ ಪಾಠ ನಡೀತಿರೋ ಕೋಣೆ ಮೇಲೆ! ಕಸ ಆಗಿಂದಾಗ್ಗೆ ಮೂಟೆ ಕಟ್ಟಿ ಇಳಿಸಿ. ಖಾಲಿ ಮಾಡಿಸಿದ ಕೋಣೆಯಲ್ಲಿ ತೊಲೆಗೆ ಕೆಳಗಿಂದ ಜಾಕಿ ಆಸರೆ ಕೊಟ್ಟ ಮೇಲೇ ಅಗೆತ ಶುರು ಮಾಡಿ.

[ದೃಶ್ಯ: ಗೋಡೆಯೊಳಗೆ ಹೋಗುವ ತೊಲೆಯ ತುದಿ]

ತೊಲೆ ಮಧ್ಯದಲ್ಲಿ ಗಟ್ಟಿ ಕಾಣುತ್ತೆ, ಕೊಳೆಯೋದು ಗೋಡೆಯೊಳಗಿನ ತುದಿ. ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ತುದಿ ಹೋಯ್ತು ಅಂತಲೇ. ಕೊಳೆತಷ್ಟು ಕತ್ತರಿಸಿ, ಹೊಸ ತೇಗ ಜೋಡಿಸಿ, ಎರಡೂ ಬದಿಗೆ ಸ್ಟೀಲ್ ಪಟ್ಟಿ ಕೊಟ್ಟು ಬೋಲ್ಟ್ ಹಾಕ್ತಾರೆ. ಪಟ್ಟಿಯ ಅಳತೆ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು. ತುದಿಯ ಸುತ್ತ ಗಾಳಿಯಾಡೋಕೆ ಒಂದು ಇಂಚು ಜಾಗ ಬಿಡಿ. ಗಾರೆ ತುಂಬಿ ಮುಚ್ಚಿದರೆ ಮತ್ತೆ ಅದೇ ಕಥೆ.

ಸೋರಿಕೆಗೆ ಮೇಲೊಂದು ಸಿಮೆಂಟ್ ಪದರ ಎಳೆಯೋ ಅಭ್ಯಾಸವೇ ಇಲ್ಲಿ ದೊಡ್ಡ ಶತ್ರು. ಅದು ಬಿರುಕು ಬಿಡುತ್ತೆ, ನೀರು ಒಳಗೆ ಹೋಗುತ್ತೆ, ಆವಿಯಾಗಿ ಹೊರಗೆ ಬರೋಕೆ ಮಾತ್ರ ದಾರಿ ಇರಲ್ಲ.

[ದೃಶ್ಯ: ಮರದ ಕೊಡತಿಯಿಂದ ಬಡಿತ]

ಹೊಸ ಕಾಂಕ್ರೀಟನ್ನ ಕೊಡತಿಯಿಂದ ದಿನಗಟ್ಟಲೆ ಬಡಿದು, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸ್ತಾರೆ. ಪರೀಕ್ಷೆ ಇದೆ ಅಂತ ಬಡಿತ ಮಧ್ಯಕ್ಕೆ ನಿಲ್ಲಿಸಿದರೆ ಕಾಂಕ್ರೀಟು ಸಡಿಲವಾಗೇ ಉಳಿಯುತ್ತೆ. ವೇಳಾಪಟ್ಟಿ ನೋಡಿ, ಆ ವಾರಕ್ಕೆ ಅಕ್ಕಪಕ್ಕದ ಕೋಣೆಗಳನ್ನೂ ಖಾಲಿ ಇಡೋದೊಂದೇ ದಾರಿ.

ಸಾರುವೆ ಕಟ್ಟುವಾಗ ತುರ್ತು ಮೆಟ್ಟಿಲು ಅಡ್ಡವಾಗಬಾರದು. ಕೆಲಸದವರಿಗೆ, ವಿದ್ಯಾರ್ಥಿಗಳಿಗೆ ಬೇರೆ ಬೇರೆ ದಾರಿ ಮಾಡಿ. ವೈರಿಂಗ್‌ಗೆ ಹಳೇ ಗೋಡೆ ಕೊರೆಯಬೇಡಿ, ಪೈಪು ಹೊರಗೇ ಓಡಿಸಿ. ಒಳಗಿನ ಸುಣ್ಣ ಬಣ್ಣ, ವೈರಿಂಗ್ ಎಲ್ಲ ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ಅಷ್ಟೊತ್ತಿಗೆ ತಾರಸಿ ಮುಚ್ಚಿರುತ್ತೆ.