ಸಾಲಿಸಿಟರ್ ಅಪ್ರೆಂಟಿಸ್‌ಶಿಪ್ ಅರ್ಜಿಯಲ್ಲಿ ‘ಏಕೆ’ ಎಂದು ಕೇಳಿದಾಗ

ಇಲ್ಲಿ ಸೇರಿರುವ ತಂದೆ ತಾಯಂದಿರಿಗೂ, ನಮ್ಮ ಪಿಯುಸಿಯಂಥ ಎ-ಲೆವೆಲ್ ಓದುತ್ತಿರುವ ಮಕ್ಕಳಿಗೂ ನಮಸ್ಕಾರ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ವಕೀಲಿ ವೃತ್ತಿ ಎಂದರೆ ಮೊದಲು ವಿಶ್ವವಿದ್ಯಾಲಯ, ಆಮೇಲೆ ಕೆಲಸ ಎಂಬ ಲೆಕ್ಕ ಇನ್ನೂ ಗಟ್ಟಿಯಾಗಿದೆ. ಹದಿನೆಂಟಕ್ಕೆ ಕಚೇರಿ ಸೇರಿ ಸಾಲಿಸಿಟರ್, ಅಂದರೆ ಕಕ್ಷಿದಾರರಿಗೆ ಸಲಹೆ ಕೊಟ್ಟು ಅವರ ಕಾಗದಪತ್ರ ನೋಡಿಕೊಳ್ಳುವ ವಕೀಲ, ಆಗಬಹುದು ಎಂದರೆ ‘ಹಾಗಾದರೆ ಡಿಗ್ರಿಯ ಗತಿ ಏನು?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಆದ್ದರಿಂದ ದಾರಿ ಹೇಗಿದೆ ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎ-ಲೆವೆಲ್ ಮುಗಿಸಿದವರಿಗೆ ಇದು ಸಾಮಾನ್ಯವಾಗಿ ಆರು ವರ್ಷದ ಹಾದಿ. ಕಾನೂನು ಸಂಸ್ಥೆಯಲ್ಲಿ ಸಂಬಳದ ನೌಕರಿ. ವಾರದ ಐದು ದಿನಗಳಲ್ಲಿ ಒಂದು ದಿನದಷ್ಟು ಹೊತ್ತು ಓದಿಗೆ ಮೀಸಲು. ಬೋಧನಾ ಶುಲ್ಕ ಅಭ್ಯರ್ಥಿಯ ಮೇಲೆ ಬೀಳುವುದಿಲ್ಲ. ಬಹುತೇಕ ಕಡೆ ಕಾನೂನು ಪದವಿಯೂ ಇದರೊಳಗೇ ಸಿಗುತ್ತದೆ. ಕೊನೆಗೆ ಸಾಲಿಸಿಟರ್ ಆಗಲು ಪಾಸಾಗಬೇಕಾದ ಎಸ್‌ಕ್ಯೂಇ ಎಂಬ ಅರ್ಹತಾ ಪರೀಕ್ಷೆ. 2021ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಇದೇ ಪರೀಕ್ಷೆಯನ್ನು ವಿಶ್ವವಿದ್ಯಾಲಯದಿಂದ ಬಂದವರೂ ಬರೆಯಬೇಕು. ಮೊದಲ ಹಂತದಲ್ಲಿಯೇ 360 ಬಹು ಆಯ್ಕೆಯ ಪ್ರಶ್ನೆಗಳು. ಎರಡನೆಯ ಹಂತದಲ್ಲಿ ಕಕ್ಷಿದಾರರ ಸಂದರ್ಶನ, ವಾದ ಮಂಡನೆ, ಕರಡು ಬರಹ. ಎರಡು ದಾರಿಗಳಲ್ಲಿ ಬಂದವರೂ ಕೊನೆಗೆ ಅದೇ ಸಾಲಿಸಿಟರುಗಳು. ಇನ್ನೊಂದು ಮಾತು ನೆನಪಿರಲಿ: 2026ರ ಜನವರಿಯಿಂದ ಈ ಮಟ್ಟದ ಅಪ್ರೆಂಟಿಸ್‌ಶಿಪ್‌ಗೆ ಸರ್ಕಾರದ ಹಣ ಮುಖ್ಯವಾಗಿ ಸೇರುವಾಗ 16ರಿಂದ 21 ವರ್ಷದೊಳಗಿರುವವರಿಗೆ ಸೀಮಿತವಾಗಿದೆ. ಡಿಗ್ರಿ ಮುಗಿಸಿಕೊಂಡು ಆಮೇಲೆ ನೋಡೋಣ ಎಂದರೆ ಬಾಗಿಲು ಕಿರಿದಾಗುತ್ತದೆ.

ಈಗ ಅರ್ಜಿಗೆ ಬರೋಣ. ಕಾನೂನು ಏಕೆ, ವಿಶ್ವವಿದ್ಯಾಲಯ ಬಿಟ್ಟು ಅಪ್ರೆಂಟಿಸ್‌ಶಿಪ್ ಏಕೆ, ನಮ್ಮ ಸಂಸ್ಥೆಯೇ ಏಕೆ: ಮೂರು ಪ್ರಶ್ನೆಗಳು ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತವೆ. ಇವನ್ನು ಕೇಳುವವರಿಗೆ ನಿಮ್ಮ ಉತ್ಸಾಹದ ಅಳತೆ ಬೇಕಾಗಿಲ್ಲ. ಹದಿನೆಂಟರ ಈ ವ್ಯಕ್ತಿ ಆರು ವರ್ಷ ನಿಲ್ಲುತ್ತಾನೆಯೇ, ಆಯ್ಕೆಯನ್ನು ತಿಳಿದು ಮಾಡಿದ್ದಾನೆಯೇ ಎಂಬುದಷ್ಟೇ ಅವರ ಆತಂಕ. ‘ಚಿಕ್ಕಂದಿನಿಂದಲೂ ನ್ಯಾಯದ ಬಗ್ಗೆ ತೀವ್ರ ಹಂಬಲ’ ಎಂಬ ವಾಕ್ಯ ಈ ಆತಂಕಕ್ಕೆ ಉತ್ತರವಲ್ಲ. ಹಂಬಲವಿದ್ದರೆ ಅದರಿಂದಾಗಿ ನೀವು ಏನನ್ನಾದರೂ ಮಾಡಿರುತ್ತೀರಿ, ಎಲ್ಲಿಗಾದರೂ ಹೋಗಿರುತ್ತೀರಿ, ಏನನ್ನಾದರೂ ಓದಿರುತ್ತೀರಿ. ಅದನ್ನು ಬರೆಯಿರಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಹುಡುಗಿ ಶನಿವಾರಗಳಂದು ಚಿಕ್ಕಪ್ಪನ ದಿನಸಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಾಡಿಗೆ ಕರಾರಿನ ಅವಧಿ ಮುಗಿಯುತ್ತಾ ಬಂದಾಗ ಮಾಲೀಕರು ನವೀಕರಿಸುವುದಿಲ್ಲ ಎನ್ನುತ್ತಾರೆ. ಮನೆಯಲ್ಲಿ ಎಲ್ಲರೂ ಇದು ಅನ್ಯಾಯ ಎಂದು ಸಿಟ್ಟಾಗುತ್ತಾರೆ. ಹುಡುಗಿ ಕಾಗದಗಳನ್ನು ತೆಗೆದು ನೋಡುತ್ತಾಳೆ. ವ್ಯಾಪಾರಿ ಬಾಡಿಗೆದಾರರಿಗೆ ನವೀಕರಣದ ಹಕ್ಕು ಕೊಡುವ 1954ರ ಕಾಯಿದೆಯೊಂದು ಇಲ್ಲಿದೆ. ಆದರೆ ಕರಾರಿಗೆ ಮುಂಚೆ ಮಾಲೀಕರು ಎಚ್ಚರಿಕೆಯ ನೋಟಿಸ್ ಕೊಟ್ಟು, ಬಾಡಿಗೆದಾರರು ಒಪ್ಪಿ ಘೋಷಣೆಗೆ ಸಹಿ ಹಾಕಿದ್ದರೆ ಆ ಹಕ್ಕು ಇರುವುದಿಲ್ಲ. ಚಿಕ್ಕಪ್ಪ ಓದದೆ ಸಹಿ ಹಾಕಿದ್ದರು. ಅರ್ಜಿಯಲ್ಲಿ ಈ ಹುಡುಗಿ ‘ಅನ್ಯಾಯ ಕಂಡು ವಕೀಲಳಾಗಲು ನಿಶ್ಚಯಿಸಿದೆ’ ಎಂದು ಬರೆದರೆ ಒಳ್ಳೆಯ ಸಾಮಗ್ರಿ ಹಾಳಾಯಿತು. ಅದೇ ಅವಳು ‘ಎರಡು ಪುಟದ ಒಂದು ಘೋಷಣೆ ಅಂಗಡಿಯ ಭವಿಷ್ಯವನ್ನು ತೀರ್ಮಾನಿಸಿತ್ತು, ಸಹಿಗೆ ಮುಂಚೆ ಅದನ್ನು ಕುಳಿತು ವಿವರಿಸುವ ಸಾಲಿಸಿಟರ್ ಒಬ್ಬರು ಇರಬೇಕಿತ್ತು, ಆ ಕೆಲಸ ನಾನು ಮಾಡಬೇಕು’ ಎಂದು ಬರೆದರೆ, ಸಾಲಿಸಿಟರ್ ದಿನವಿಡೀ ಏನು ಮಾಡುತ್ತಾರೆ ಎಂಬುದು ಅವಳಿಗೆ ಗೊತ್ತಿದೆ ಎಂದು ಓದುವವರಿಗೆ ಖಚಿತವಾಗುತ್ತದೆ. ಕೋರ್ಟಿನಲ್ಲಿ ನಿಂತು ಗುಡುಗುವ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಬರೆದ ಉತ್ತರಗಳಿಗೆ ಈ ಬಲ ಇರುವುದಿಲ್ಲ. ಮೇಲಿನ ನ್ಯಾಯಾಲಯಗಳಲ್ಲಿ ಹೆಚ್ಚಾಗಿ ವಾದಿಸುವವರು ಬ್ಯಾರಿಸ್ಟರುಗಳು ಎಂಬ ಬೇರೆ ವರ್ಗದ ವಕೀಲರು.

ಮನೆಯಲ್ಲಿ ಅಂಗಡಿ ಇಲ್ಲದವರು ಏನು ಮಾಡಬೇಕು? ಉದ್ಯೋಗ ನ್ಯಾಯಮಂಡಳಿಯ ವಿಚಾರಣೆಗಳಲ್ಲಿ ಹೆಚ್ಚಿನವು ಸಾರ್ವಜನಿಕರಿಗೆ ತೆರೆದಿರುತ್ತವೆ. ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ. ಇಲ್ಲಿನ ಸುಪ್ರೀಂ ಕೋರ್ಟಿನ ಕಲಾಪಗಳು ಅಂತರ್ಜಾಲದಲ್ಲಿ ನೇರ ಪ್ರಸಾರವಾಗುತ್ತವೆ. ಇದಕ್ಕೆ ಪರಿಚಯದವರ ಶಿಫಾರಸು ಬೇಡ, ಹಣವೂ ಬೇಡ. ಊರಿನಲ್ಲಿ ವಕೀಲ ಬಂಧುಗಳಿಲ್ಲದ ಮಕ್ಕಳಿಗೆ ಇದು ನಿಜವಾದ ಸಮಾನ ಅವಕಾಶ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವಿಶ್ವವಿದ್ಯಾಲಯ ಬಿಟ್ಟು ಇದು ಏಕೆ ಎಂಬ ಎರಡನೆಯ ಪ್ರಶ್ನೆಯೇ ನನ್ನ ಪ್ರಕಾರ ಅತಿ ಕಠಿಣ. ‘ಸಾಲ ಬೇಡ, ಸಂಬಳ ಬೇಕು’ ಎನ್ನುವುದು ಪ್ರಾಮಾಣಿಕ ಕಾರಣ, ನಾಚಿಕೆಯದೇನಲ್ಲ. ವರ್ಷಕ್ಕೆ ಒಂಬತ್ತು ಸಾವಿರ ಪೌಂಡ್ ದಾಟುವ ಶುಲ್ಕ ನೋಡಿದರೆ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ಆದರೆ ಆ ಕಾರಣ ಒಂದೇ ನಿಂತರೆ, ಸಂಬಳ ಕೊಡುವ ಬೇರೆ ಯಾವ ಕೆಲಸವಾದರೂ ಆಗಬಹುದು ಎಂಬಂತೆ ಕೇಳಿಸುತ್ತದೆ. ‘ನಾನು ಮಾಡಿ ಕಲಿಯುವವನು’ ಎಂಬುದನ್ನೂ ಎಲ್ಲರೂ ಬರೆಯುತ್ತಾರೆ. ಹಾಗೆ ಕಲಿತದ್ದು ಏನು ಎಂದು ಒಂದು ಸಂಗತಿ ಹೇಳದಿದ್ದರೆ ಆ ವಾಕ್ಯಕ್ಕೆ ತೂಕವಿಲ್ಲ.

ಬಿಟ್ಟುಕೊಡುವುದು ಏನು ಎಂಬುದನ್ನು ಬರೆಯುವ ಧೈರ್ಯ ಮಾಡಿ. ಗೆಳೆಯರಿಗೆ ಬೇಸಿಗೆಯ ದೀರ್ಘ ರಜೆ ಇರುತ್ತದೆ, ನಿಮಗೆ ನೌಕರರ ರಜೆ ಮಾತ್ರ. ಮೂರು ವರ್ಷ ಓದಿ ಮನಸ್ಸು ಬದಲಿಸುವ ಸ್ವಾತಂತ್ರ್ಯ ಅವರಿಗಿದೆ, ನೀವು ಈಗಲೇ ಕಟ್ಟುಬೀಳುತ್ತೀರಿ. ಕಚೇರಿ ಮುಗಿಸಿ ಸಂಜೆಯೂ ಕೆಲವು ವಾರಾಂತ್ಯಗಳಲ್ಲಿಯೂ ಓದಬೇಕು. ಇದನ್ನೆಲ್ಲ ನೋಡಿಯೂ ಈ ದಾರಿ ಬೇಕು ಎಂದು ಹೇಳಿ, ಎ-ಲೆವೆಲ್ ಓದುತ್ತಲೇ ಕೆಲಸ ಮಾಡಿದ್ದರೆ ಆ ದಿನಚರಿಯನ್ನು ಎರಡು ಸಾಲಿನಲ್ಲಿ ಕೊಟ್ಟರೆ ಉತ್ತರ ನಿಲ್ಲುತ್ತದೆ. ವಿಶ್ವವಿದ್ಯಾಲಯವನ್ನು ಹಳಿಯಬೇಡಿ, ನಿಮ್ಮ ಅರ್ಜಿ ಓದುವ ಸಾಲಿಸಿಟರ್ ಬಹುಶಃ ಅಲ್ಲಿಂದಲೇ ಬಂದವರು.

ಸಂಸ್ಥೆಯ ಪ್ರಶ್ನೆಗೆ ಅವರ ಜಾಲತಾಣದ ಹೊಗಳಿಕೆಯನ್ನೇ ಅವರಿಗೆ ಮರಳಿ ಕಳುಹಿಸಬೇಡಿ. ಸಂಸ್ಥೆಯ ಹೆಸರು ತೆಗೆದು ಬೇರೆ ಹೆಸರು ಹಾಕಿದರೂ ಉತ್ತರ ಹೊಂದುವುದಾದರೆ ಅದನ್ನು ಹರಿದು ಹಾಕಿ. ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ವಾದಿಸಿದ ವಕೀಲರ ಹೆಸರಿನ ಜೊತೆಗೆ ಅವರನ್ನು ನೇಮಿಸಿದ ಸಾಲಿಸಿಟರ್ ಸಂಸ್ಥೆಯ ಹೆಸರೂ ಇರುತ್ತದೆ. ತೀರ್ಪಿನ ಜೊತೆ ಸುಲಭ ಭಾಷೆಯ ಪತ್ರಿಕಾ ಸಾರಾಂಶವೂ ಪ್ರಕಟವಾಗುತ್ತದೆ. ದೊಡ್ಡ ಸಂಸ್ಥೆಯಾದರೆ ಅಲ್ಲಿ ಒಂದು ಪ್ರಕರಣ ಹುಡುಕಿ ಓದಿ, ಅದರಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ ಅಂಶ ಯಾವುದು ಎಂದು ಬರೆಯಿರಿ. ಊರಿನ ಸಣ್ಣ ಸಂಸ್ಥೆಯಾದರೆ ಅವರು ಯಾರ ಕೆಲಸ ಮಾಡುತ್ತಾರೆ ಎಂದು ನೋಡಿ: ಮನೆ ಕೊಳ್ಳುವವರೇ, ವಿಲ್ ಬರೆಸುವವರೇ, ಕೆಲಸ ಕಳೆದುಕೊಂಡವರೇ? ಆ ಜನರ ನಡುವೆ ಇರಲು ನಿಮಗೆ ಏಕೆ ಇಷ್ಟ ಎಂಬುದೇ ಉತ್ತರ.

ಕೊನೆಯದಾಗಿ ತಂದೆ ತಾಯಂದಿರಿಗೆ. ದಯವಿಟ್ಟು ಉತ್ತರವನ್ನು ನೀವು ಬರೆದುಕೊಡಬೇಡಿ, ಎಐ ಕೈಗೂ ಕೊಡಬೇಡಿ ಎಂದು ಮಕ್ಕಳಿಗೆ ಹೇಳಿ. ಪ್ರಾಮಾಣಿಕತೆ ಈ ವೃತ್ತಿಯ ನಿಯಮಾವಳಿಯಲ್ಲಿಯೇ ಬರೆದಿರುವ ಕರ್ತವ್ಯ. ಅಷ್ಟೇ ಅಲ್ಲ, ಸಂದರ್ಶನದಲ್ಲಿ ಅದೇ ಉತ್ತರವನ್ನು ಎದುರಿಗಿಟ್ಟುಕೊಂಡು ‘ಆ ವಿಚಾರಣೆಯಲ್ಲಿ ಏನು ನೋಡಿದೆ?’ ಎಂದು ಕೇಳುತ್ತಾರೆ. ನೀವು ಮಾಡಬಹುದಾದ ದೊಡ್ಡ ಸಹಾಯವೆಂದರೆ, ರಾತ್ರಿ ಊಟಕ್ಕೆ ಕುಳಿತಾಗ ಮಗಳಿಗೋ ಮಗನಿಗೋ ಅದೇ ಮೂರು ಪ್ರಶ್ನೆಗಳನ್ನು ಕೇಳಿ, ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುವುದು. ಉತ್ತರ ತಡವರಿಸಿದ ಜಾಗ ಇಬ್ಬರಿಗೂ ತಿಳಿಯುತ್ತದೆ, ಅರ್ಜಿಯಲ್ಲಿ ತಿದ್ದಬೇಕಾದದ್ದು ಅಲ್ಲಿಯೇ.